ಮಜ್ಜಿಗೆ ಹುಲ್ಲು: ಎಣ್ಣೆಗೆ ಯಾವ ತಳಿ ಹಾಕೋಣ?

ಮಜ್ಜಿಗೆ ಹುಲ್ಲಿನ ಕಂದು (ನೆಡುವ ಬುಡದ ತುಂಡು) ಮಾರುವವರನ್ನು ಮಾತಿಗೆ ಎಳೆದು ನೋಡಿ. ಮೊದಲು ಬರುವುದು ಪರ್ಸೆಂಟಿನ ಮಾತು, ಅಂದರೆ ನೂರು ಕೆಜಿ ಹುಲ್ಲಿಗೆ ಎಷ್ಟು ಕೆಜಿ ಎಣ್ಣೆ ಅಂತ. "ನಮ್ದು 0.8 ಬರುತ್ತೆ ಸಾರ್" ಅಂತ ಒಬ್ಬರು. "ನಮ್ದು ಪೂರಾ ಒಂದು" ಅಂತ ಇನ್ನೊಬ್ಬರು. ಮತ್ತೊಬ್ಬರು ಕಣ್ಣು ಮಿಟುಕಿಸದೆ ಎರಡು ಅನ್ನುತ್ತಾರೆ. ನಾನೂ ಮೊದಲ ಸಲ ಈ ಅಂಕಿಯನ್ನೇ ನಂಬಿಕೊಂಡು ತಳಿ ಹುಡುಕಲು ಹೊರಟವನು. ನಾಲ್ಕು ವರ್ಷ ಹುಲ್ಲು ಕೊಯ್ದು, ಹೊತ್ತು, ಬಟ್ಟಿ ಇಳಿಸುವ ಹಂಡೆಗೆ ತುಂಬಿ, ಬೆಂಕಿ ಹಾಕಿದ ಮೇಲೆ ಗೊತ್ತಾಗಿದ್ದು ಬೇರೆಯೇ. ಎಕರೆಗೆ ಎಷ್ಟು ಎಣ್ಣೆ ಸಿಗುತ್ತದೆ ಅನ್ನುವುದನ್ನು ಆ ಪರ್ಸೆಂಟು ಹೇಳುವುದಿಲ್ಲ. ಅಷ್ಟು ಎಣ್ಣೆಗೆ ಎಷ್ಟು ಹುಲ್ಲು ಹೊರಬೇಕು, ಎಷ್ಟು ಸೌದೆ ಉರಿಸಬೇಕು ಅನ್ನುವುದನ್ನು ಮಾತ್ರ ಹೇಳುತ್ತದೆ.

ಅರ್ಧ ಎಕರೆಯಿಂದ ಎರಡು ಎಕರೆವರೆಗೆ ಹಾಕುವ ಯೋಚನೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೀ ಕಷಾಯಕ್ಕೆ, ಚಹಾಕ್ಕೆ ಬೇಕು ಅಂತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಪಕ್ಕದ ಮನೆಯ ಹಿತ್ತಲಿಂದ ನಾಲ್ಕು ಕಂದು ಕಿತ್ತು ತಂದು ಬಚ್ಚಲ ನೀರು ಹರಿಯುವ ಕಡೆ ನೆಡಿ. ಅದೇ ಸಾಕು.

ತಳಿಗಿಂತ ಮೊದಲು ಜಾತಿ

ನಾವು ಮಜ್ಜಿಗೆ ಹುಲ್ಲು, ನಿಂಬೆ ಹುಲ್ಲು ಅಂತ ಒಂದೇ ಹೆಸರಲ್ಲಿ ಕರೆಯುವುದು ನಿಜವಾಗಿ ಮೂರು ಬೇರೆ ಬೇರೆ ಹುಲ್ಲು. ಮೂರೂ ಸಿಂಬೊಪೋಗಾನ್ ಕುಲದವು. ಮೂರಕ್ಕೂ ನಿಂಬೆಯ ವಾಸನೆ. ಆದರೆ ಎಣ್ಣೆಯ ಗುಣ ಬೇರೆ.

ಹಿತ್ತಲಲ್ಲಿ ಇರುವುದು ಸಾಮಾನ್ಯವಾಗಿ ಸಿಂಬೊಪೋಗಾನ್ ಸಿಟ್ರೇಟಸ್. ವ್ಯಾಪಾರದಲ್ಲಿ ಇದನ್ನು ವೆಸ್ಟ್ ಇಂಡಿಯನ್ ಅನ್ನುತ್ತಾರೆ. ಬುಡ ದಪ್ಪ, ಎಲೆ ಅಗಲ. ನಮ್ಮಲ್ಲಿ ಹೂ ಬಿಡುವುದೇ ಅಪರೂಪ. ಅಡುಗೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಎಣ್ಣೆಗೆ ಮಾತ್ರ ಸ್ವಲ್ಪ ತಕರಾರು. ಇದರ ಎಣ್ಣೆಯಲ್ಲಿ ಮಿರ್ಸೀನ್ ಅನ್ನುವ ಅಂಶ ಜಾಸ್ತಿ. ಎಣ್ಣೆ ಇಟ್ಟಷ್ಟೂ ಈ ಮಿರ್ಸೀನ್ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ ಎಣ್ಣೆ ಶೇ 70ರ ಆಲ್ಕೋಹಾಲಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮಬ್ಬು ಬರುತ್ತದೆ. ಸುಗಂಧದ ಕೆಲಸಕ್ಕೆ ಕೊಳ್ಳುವವರು ಅಲ್ಲೇ ಮುಖ ತಿರುಗಿಸುತ್ತಾರೆ.

ಎರಡನೆಯದು ಸಿಂಬೊಪೋಗಾನ್ ಫ್ಲೆಕ್ಸುಯೋಸಸ್. ಇದು ಈಸ್ಟ್ ಇಂಡಿಯನ್. ಕೊಚ್ಚಿ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಇದರ ಎಣ್ಣೆಗೆ ಹೊರದೇಶದಲ್ಲಿ ಕೊಚ್ಚಿನ್ ಎಣ್ಣೆ ಅನ್ನುವ ಹೆಸರೇ ಬಿತ್ತು. ಪಶ್ಚಿಮ ಘಟ್ಟದ ಇಳಿಜಾರೇ ಇದರ ತವರು. ಇದರಲ್ಲೂ ಎರಡು ಬಗೆ ಇದೆ: ಕೆಂಪು ಕಾಂಡದ್ದು, ಬಿಳಿ ಕಾಂಡದ್ದು. ಕೆಂಪು ಕಾಂಡದ್ದರಲ್ಲಿ ನಿಂಬೆ ವಾಸನೆ ಕೊಡುವ ಸಿಟ್ರಾಲ್ ಅನ್ನುವ ಅಂಶ ಜಾಸ್ತಿ, ಎಣ್ಣೆ ಆಲ್ಕೋಹಾಲಿನಲ್ಲಿ ತಿಳಿಯಾಗಿ ಕರಗುತ್ತದೆ. ಬಿಳಿ ಕಾಂಡದ್ದರಲ್ಲಿ ಎರಡೂ ಕಡಿಮೆ. ಕೇರಳದ ಹಳೆಯ ಬಟ್ಟಿಗಾರರಿಗೆ ಇದು ಯಾವ ಲ್ಯಾಬೂ ಇಲ್ಲದೆ ಗೊತ್ತಿತ್ತು. ಬುಡ ಬಗ್ಗಿಸಿ ಬಣ್ಣ ನೋಡುತ್ತಿದ್ದರು, ಅಷ್ಟೇ. ಈ ಪರೀಕ್ಷೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಕೆಂಪು ಕಾಂಡದ ತಳಿ ಅಂತ ಹೇಳಿ ಕೊಟ್ಟ ಕಂದಿನ ಬುಡ ಬೆಳ್ಳಗಿದ್ದರೆ ಅದನ್ನು ಗಾಡಿಗೆ ಹತ್ತಿಸಬೇಡಿ.

ಮೂರನೆಯದು ಸಿಂಬೊಪೋಗಾನ್ ಪೆಂಡ್ಯುಲಸ್. ಇದು ಉತ್ತರದ್ದು, ಜಮ್ಮುವಿನ ಕಡೆಯದು. ನಮ್ಮ ಹಿತ್ತಲಲ್ಲಿ ಕಾಣುವುದಿಲ್ಲ. ಆದರೆ ತಳಿಗಳ ಪಟ್ಟಿಯಲ್ಲಿ ಇದರ ಮಕ್ಕಳು ಬರುತ್ತವೆ, ಅದಕ್ಕೇ ಹೇಳಿದೆ.

ಎರಡು ತಳಿ, ಹೆಚ್ಚುಕಮ್ಮಿ ಒಂದೇ ಎಣ್ಣೆ

ನನ್ನ ಕಣ್ಣು ತೆರೆಸಿದ್ದು ಓಡಿ-19 ಮತ್ತು ಆರ್‌ಆರ್‌ಎಲ್-16ರ ಅಂಕಿಗಳು. ಪಕ್ಕಪಕ್ಕ ಇಟ್ಟು ನೋಡೋಣ.

ಓಡಿ-19ಕ್ಕೆ ಸುಗಂಧಿ ಅಂತಲೂ ಹೆಸರು. ಎರ್ನಾಕುಳಂ ಜಿಲ್ಲೆಯ ಓಡಕ್ಕಾಲಿಯಲ್ಲಿ ಮಜ್ಜಿಗೆ ಹುಲ್ಲಿಗೆಂದೇ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಈಗ ಅದು ಕೇರಳ ಕೃಷಿ ವಿಶ್ವವಿದ್ಯಾಲಯದ ಕೈಯಲ್ಲಿದೆ. ಆ ಕೇಂದ್ರದ ತಳಿ ಇದು. ಕೆಂಪು ಕಾಂಡ, ಆಳೆತ್ತರಕ್ಕೆ ಬರುವ ಹುಲ್ಲು, ಒತ್ತಾದ ಕವಲು. ಮಳೆ ನೀರಲ್ಲೇ ಹೆಕ್ಟೇರಿಗೆ ವರ್ಷಕ್ಕೆ 35ರಿಂದ 40 ಟನ್ ಹುಲ್ಲು ಕೊಡುತ್ತದೆ ಅನ್ನುವುದು ಇದರ ಲೆಕ್ಕ. ಹಸಿ ಹುಲ್ಲಿನಲ್ಲಿ ಎಣ್ಣೆ ಶೇ 0.3ರಿಂದ 0.4. ಸಿಗುವ ಎಣ್ಣೆ ಹೆಕ್ಟೇರಿಗೆ 80ರಿಂದ 100 ಕೆಜಿ. ಗುಣಿಸಿದರೆ ಇದಕ್ಕಿಂತ ಜಾಸ್ತಿ ಬರಬೇಕು; ಹಂಡೆಯಲ್ಲಿ ಯಾಕೆ ಕಮ್ಮಿ ಅಂತ ಮುಂದೆ ಹೇಳುತ್ತೇನೆ.

ಆರ್‌ಆರ್‌ಎಲ್-16 ಪೆಂಡ್ಯುಲಸ್ ಜಾತಿಯದು. ಹೆಸರಲ್ಲಿರುವ ಅಕ್ಷರಗಳು ಜಮ್ಮುವಿನ ರೀಜನಲ್ ರಿಸರ್ಚ್ ಲ್ಯಾಬೊರೇಟರಿಯವು. ಇದರ ಹಸಿ ಹುಲ್ಲಿನಲ್ಲಿ ಎಣ್ಣೆ ಶೇ 0.6ರಿಂದ 0.8. ಅಂದರೆ ಸುಗಂಧಿಯ ಎರಡರಷ್ಟು. ಆದರೆ ಹುಲ್ಲು ಬರುವುದು ಹೆಕ್ಟೇರಿಗೆ 15ರಿಂದ 20 ಟನ್. ಅಂದರೆ ಸುಗಂಧಿಯ ಅರ್ಧ. ಕೊನೆಗೆ ಸಿಗುವ ಎಣ್ಣೆ 100ರಿಂದ 110 ಕೆಜಿ.

ನೋಡಿದಿರಾ? ಪರ್ಸೆಂಟು ಡಬಲ್, ಎಣ್ಣೆ ಮಾತ್ರ ಒಂದು ಹಿಡಿ ಹೆಚ್ಚು. ಕಂದು ಮಾರುವವರು ಹೇಳುವುದು ಮೊದಲ ಅರ್ಧ ಮಾತ್ರ.

ಈಗ ಇದನ್ನು ನಮ್ಮ ಎಕರೆಗೆ ಇಳಿಸಿ. ಸುಗಂಧಿ ಹಾಕಿದರೆ ವರ್ಷಕ್ಕೆ 14ರಿಂದ 16 ಟನ್ ಹುಲ್ಲು ಕೊಯ್ಯಬೇಕು. ಇನ್ನೊಂದರಲ್ಲಿ 6ರಿಂದ 8 ಟನ್. 500 ಕೆಜಿ ಹಿಡಿಯುವ ಹಂಡೆ ಅಂತ ಇಟ್ಟುಕೊಳ್ಳಿ. ಸುಗಂಧಿಗೆ 28ರಿಂದ 32 ಸಲ ತುಂಬಿ ಖಾಲಿ ಮಾಡಬೇಕು, ಆರ್‌ಆರ್‌ಎಲ್-16ಕ್ಕೆ 12ರಿಂದ 16 ಸಲ ಸಾಕು. ಒಂದೊಂದು ಸಲ ತುಂಬುವುದು, ತುಳಿದು ಗಟ್ಟಿ ಮಾಡುವುದು, ಆವಿ ಬರುವವರೆಗೆ ಕಾಯುವುದು, ಎರಡು ಮೂರು ಗಂಟೆ ಬಟ್ಟಿ ಇಳಿಸುವುದು, ಬಿಸಿ ಹುಲ್ಲು ಎಳೆದು ಹಾಕುವುದು. ಎಲ್ಲಾ ಸೇರಿ ಅರ್ಧ ದಿನ ಹೋಗಿಬಿಡುತ್ತದೆ. ಸುಗಂಧಿಯ ಒಂದು ಹಂಡೆಗೆ ನನಗೆ ಒಂದೂಕಾಲು ಕೆಜಿ ಎಣ್ಣೆ ಬಂದರೆ ಅದು ಒಳ್ಳೆಯ ದಿನ.

ಹಾಗಾದರೆ ಪರ್ಸೆಂಟು ಜಾಸ್ತಿ ಇರುವುದೇ ಒಳ್ಳೆಯದಲ್ವಾ ಅಂತ ಕೇಳಬಹುದು. ಹಂಡೆ ಯಾರದು ಅನ್ನುವುದರ ಮೇಲೆ ಹೋಗುತ್ತದೆ. ಬಾಡಿಗೆ ಹಂಡೆ, ಲೋಡಿಗೆ ಇಷ್ಟು ಅಂತ ರೇಟು ಇದ್ದರೆ ಪರ್ಸೆಂಟೇ ರಾಜ. ಎಣ್ಣೆಯ ಕೆಜಿಗೆ ಇಷ್ಟು ಅಂತ ಕೊಡುವ ಕಡೆ, ಅಥವಾ ಹಂಡೆ ಸ್ವಂತದ್ದಾಗಿ ಒಣಗಿದ ಬಟ್ಟಿ ಹುಲ್ಲನ್ನೇ ಉರುವಲು ಮಾಡಿಕೊಳ್ಳುವವರಿಗೆ ಅದು ಅಷ್ಟು ದೊಡ್ಡ ವಿಷಯವಲ್ಲ. ಕೂಲಿ ಆಳು ಸಿಗದ ಊರಾದರೆ ಮತ್ತೆ ಪರ್ಸೆಂಟಿನ ಕಡೆಗೆ ತಕ್ಕಡಿ ವಾಲುತ್ತದೆ. ನಮ್ಮೂರಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಹುಲ್ಲು ಕೊಯ್ಯಿ ಅಂದರೆ ಯಾರೂ ಬರುವುದಿಲ್ಲ. ಆ ಎರಡು ತಿಂಗಳು ನಾನು ಕಡಿಮೆ ಹುಲ್ಲು ಕೊಡುವ ತಳಿ ಹಾಕಬೇಕಿತ್ತು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಈ ಎರಡು ತಳಿಯ ಅಂಕಿಗಳು ಎರಡು ಬೇರೆ ಊರಿನವು. ಒಂದು ಕೇರಳದ ಮಳೆಯಲ್ಲಿ ತೂಗಿದ್ದು, ಇನ್ನೊಂದು ಉತ್ತರದ ಚಳಿ ಬಿಸಿಲಿನ ತಳಿ. ಜಮ್ಮುವಿನದನ್ನು ತಂದು ಆಗುಂಬೆಯ ಮಳೆಗೆ ನಿಲ್ಲಿಸಿದರೆ ಅದೇ 0.8 ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ.

ಅದೇ ಹುಲ್ಲು 0.5 ಆಗಿದ್ದು ಎರಡು ಆಗುವುದು ಹೇಗೆ

ಪರ್ಸೆಂಟು ಹೇಳುವವರೆಲ್ಲ ಸುಳ್ಳು ಹೇಳುತ್ತಾರೆ ಅಂತ ಅಲ್ಲ. ತಮಾಷೆ ಅಂದರೆ ಬಹಳ ಸಲ ಎಲ್ಲರೂ ನಿಜವನ್ನೇ ಹೇಳುತ್ತಿರುತ್ತಾರೆ. ತೂಗಿದ ರೀತಿ ಬೇರೆ, ಅಷ್ಟೇ.

ಹಸಿ ಹುಲ್ಲಿನಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರು. 100 ಕೆಜಿ ಹಸಿ ಹುಲ್ಲಿನಿಂದ ಅರ್ಧ ಕೆಜಿ ಎಣ್ಣೆ ಬಂದರೆ ಅದು ಶೇ 0.5. ಅದೇ ಹುಲ್ಲನ್ನು ಪೂರ್ತಿ ಒಣ ತೂಕಕ್ಕೆ ಲೆಕ್ಕ ಹಾಕಿ. ಒಣ ಭಾಗ 25 ಕೆಜಿ ಇದ್ದರೆ ಅದೇ ಅರ್ಧ ಕೆಜಿ ಈಗ ಶೇ 2 ಆಯಿತು! ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಒಣ ತೂಕದ ಲೆಕ್ಕ ಕೊಡುವುದು ಮಾಮೂಲು, ಅದರಲ್ಲಿ ತಪ್ಪೇನೂ ಇಲ್ಲ. ಆ ಅಂಕಿ ಮಾತ್ರ ಕತ್ತರಿಸಿ ಪಾಂಪ್ಲೆಟ್ಟಿಗೆ ಅಂಟಿಸಿದಾಗ ರೈತ ಮೋಸ ಹೋಗುತ್ತಾನೆ.

ಎರಡರ ನಡುವೆ ಇನ್ನೊಂದು ಮೆಟ್ಟಿಲಿದೆ. ಬಟ್ಟಿಗೆ ಹಾಕುವ ಮೊದಲು ಹುಲ್ಲನ್ನು ಒಂದು ದಿನ ನೆರಳಲ್ಲಿ ಬಾಡಿಸುತ್ತಾರೆ. ಇದು ಒಳ್ಳೆಯ ಪದ್ಧತಿ. ನೀರು ಕಮ್ಮಿಯಾಗಿ ಒಂದೇ ಹಂಡೆಗೆ ಜಾಸ್ತಿ ಹುಲ್ಲು ಹಿಡಿಯುತ್ತದೆ, ಸೌದೆ ಉಳಿಯುತ್ತದೆ. 100 ಕೆಜಿ ಬಾಡಿ 70 ಆಗಿದ್ದರೆ, ಆ 70ರ ಲೆಕ್ಕದಲ್ಲಿ ಶೇ 0.5 ಹೋಗಿ 0.7 ಆಗುತ್ತದೆ. ಎಣ್ಣೆ ಒಂದು ಹನಿಯೂ ಜಾಸ್ತಿ ಆಗಿಲ್ಲ. ಬಿಸಿಲಲ್ಲಿ ಎರಡು ಮೂರು ದಿನ ಬಿಟ್ಟರಂತೂ ಎಣ್ಣೆ ಹಾರಿಯೇ ಹೋಗುತ್ತದೆ. ಅಂಗಳವೆಲ್ಲಾ ಘಮಘಮ ಅನ್ನುತ್ತಿದ್ದರೆ ಖುಷಿ ಪಡಬೇಡಿ, ಹೋಗುತ್ತಿರುವುದು ನಿಮ್ಮ ದುಡ್ಡು.

ಲ್ಯಾಬಿನಲ್ಲಿ ಎಣ್ಣೆ ಅಳೆಯುವುದು ಕ್ಲೆವೆಂಜರ್ ಅನ್ನುವ ಗಾಜಿನ ಸಾಮಾನಿನಲ್ಲಿ. 200 ಗ್ರಾಂ ಹುಲ್ಲು ಕತ್ತರಿಸಿ ನೀರಲ್ಲಿ ಎರಡು ಮೂರು ಗಂಟೆ ಕುದಿಸುತ್ತಾರೆ. ಗೆರೆ ಹಾಕಿದ ನಳಿಗೆಯಲ್ಲಿ ಎಣ್ಣೆ ಮೇಲೆ ತೇಲುತ್ತದೆ. 1.2 ಮಿಲಿ ಬಂದರೆ ಶೇ 0.6 ಅಂತ ಬರೆಯುತ್ತಾರೆ. ಆದರೆ ಇದು 100 ಗ್ರಾಂ ಹುಲ್ಲಿಗೆ ಇಷ್ಟು ಮಿಲಿ ಅನ್ನುವ ಲೆಕ್ಕ. ನಾವು ಮಾರುವುದು ಕೆಜಿಯಲ್ಲಿ. ಈ ಎಣ್ಣೆ ನೀರಿಗಿಂತ ಹಗುರ, ಒಂದು ಮಿಲಿಗೆ 0.89 ಗ್ರಾಂ ಆಸುಪಾಸು ತೂಗುತ್ತದೆ. ಹಾಗಾಗಿ ಲ್ಯಾಬಿನ 0.6 ನಮ್ಮ ತಕ್ಕಡಿಯಲ್ಲಿ 0.53. ಚಿಕ್ಕ ವ್ಯತ್ಯಾಸ ಅನ್ನಿಸಬಹುದು, ಆದರೆ ಹತ್ತರಲ್ಲಿ ಒಂದು ಪಾಲು ಹೋಯಿತು. ಗಾಜಿನ ಸಾಮಾನಿನಲ್ಲಿ ಬಂದ ಪೂರ್ತಿ ಎಣ್ಣೆ ತೋಟದ ಹಂಡೆಯಲ್ಲಿ ಬರುವುದೂ ಇಲ್ಲ. ಎಲ್ಲೋ ಆವಿ ಸೋರುತ್ತದೆ, ಎಲ್ಲೋ ಹುಲ್ಲು ಸಡಿಲ ತುಂಬಿರುತ್ತದೆ, ಎಲ್ಲೋ ತಂಪು ನೀರು ಸಾಲದೆ ಎಣ್ಣೆ ಆವಿಯಾಗಿಯೇ ಹೊರಟುಹೋಗುತ್ತದೆ.

ಮಾದರಿ ಎಲ್ಲಿಂದ ತೆಗೆದರು ಅನ್ನುವುದೂ ಮುಖ್ಯ. ಎಣ್ಣೆ ಇರುವುದು ಹೆಚ್ಚಾಗಿ ಎಲೆಯ ಹಾಳೆಯಲ್ಲಿ, ಅದೂ ಎಳೆಯ ಎಲೆಯಲ್ಲಿ. ಬುಡದ ಹೊದಿಕೆಯಲ್ಲಿ ಕಡಿಮೆ. ಹೂವಿನ ಕಡ್ಡಿಯಲ್ಲಿ ಇನ್ನೂ ಕಡಿಮೆ. ಎಳೆ ಎಲೆ ಮಾತ್ರ ಆರಿಸಿ ಲ್ಯಾಬಿಗೆ ಕೊಟ್ಟರೆ ಯಾವ ತಳಿಯಾದರೂ ಮೆರೆಯುತ್ತದೆ. ಮಳೆಗಾಲದ ಹುಲ್ಲು ನೀರು ತುಂಬಿಕೊಂಡಿರುತ್ತದೆ, ಪರ್ಸೆಂಟು ಕುಸಿಯುತ್ತದೆ. ಬೇಸಿಗೆಯಲ್ಲಿ ಹುಲ್ಲು ಕಮ್ಮಿ, ಪರ್ಸೆಂಟು ಮೇಲೆ. ಒಬ್ಬರ ಏಪ್ರಿಲ್ ಅಂಕಿಯನ್ನು ಇನ್ನೊಬ್ಬರ ಆಗಸ್ಟ್ ಅಂಕಿಗೆ ಹೋಲಿಸುವುದು ಸುಮ್ನೆ ಜಗಳಕ್ಕೆ ದಾರಿ.

ಹಾಗಾಗಿ ಯಾರಾದರೂ ಪರ್ಸೆಂಟು ಹೇಳಿದರೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಹಸಿಯೋ, ಬಾಡಿಸಿದ್ದೋ, ಒಣಗಿದ್ದೋ? ಯಾವ ತಿಂಗಳು? ಆ ವರ್ಷ ಎಕರೆಗೆ ಒಟ್ಟು ಎಷ್ಟು ಎಣ್ಣೆ ಡಬ್ಬಿಗೆ ಬಿತ್ತು? ಮೂರನೆಯದಕ್ಕೆ ಉತ್ತರ ಕೊಡುವವರ ಹತ್ತಿರ ಕಂದು ಕೊಳ್ಳಬಹುದು.

ಉಳಿದ ತಳಿಗಳು

ಸಿಮ್ಯಾಪ್ ಅನ್ನುವುದು ಔಷಧಿ ಮತ್ತು ಸುಗಂಧ ಸಸ್ಯಗಳ ಕೇಂದ್ರ ಸಂಸ್ಥೆ. ಮುಖ್ಯ ಕಚೇರಿ ಲಖನೌದಲ್ಲಿ. ಬೆಂಗಳೂರಿನ ಅಲ್ಲಾಳಸಂದ್ರದಲ್ಲಿ ಇದರ ಕೇಂದ್ರ ಇದೆ, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಹತ್ತಿರವೇ. ನಮ್ಮ ಕಡೆ ಕೇಳಿಬರುವ ಕೃಷ್ಣಾ, ಕಾವೇರಿ ಎರಡೂ ಸಿಮ್ಯಾಪಿನ ತಳಿಗಳು. ಹೆಸರು ಕೇಳಿದರೆ ನೀರಾವರಿ ಇಲಾಖೆಯ ಕಡತ ನೆನಪಾಗುತ್ತದೆ. ಆದರೆ ಕಾವೇರಿ ಅನ್ನುವ ಹೆಸರು ಸರಿಯಾಗಿಯೇ ಇದೆ. ಮಣ್ಣಿನಲ್ಲಿ ಸದಾ ತೇವ ಇರುವ ಹೊಳೆ ಬದಿಯ ಜಾಗಕ್ಕೆಂದೇ ಮಾಡಿದ ತಳಿ ಅದು. ನೀರಿದ್ದರೆ ಮಾತ್ರ ಅದರ ಮೈ ತುಂಬುತ್ತದೆ. ನೀರಿಲ್ಲದ ಬ್ಯಾಣಕ್ಕೆ (ಹುಲ್ಲು ಬೆಳೆಯುವ ಗುಡ್ಡದ ಜಾಗಕ್ಕೆ) ಕಾವೇರಿ ತಂದು ಹಾಕಿ ಆಮೇಲೆ ತಳಿಯನ್ನು ಬೈದರೆ ಅದು ಅದರ ತಪ್ಪಲ್ಲ.

ಕೃಷ್ಣಾ ದಕ್ಷಿಣದಲ್ಲಿ ಹೆಚ್ಚು ಹರಡಿರುವ ತಳಿ, ಕಂದು ಸಿಗುವುದೂ ಸುಲಭ. ಸುಗಂಧಿಗಿಂತ ಗಿಡ್ಡ, ಎಣ್ಣೆಯಲ್ಲಿ ಸಿಟ್ರಾಲ್ ಶೇ 80ರ ಆಸುಪಾಸು. ಬೋರ್‌ವೆಲ್ ನೀರಿರುವ ಬಯಲುಸೀಮೆಯವರು ಹೆಚ್ಚಾಗಿ ಇದನ್ನೇ ಹಾಕುತ್ತಾರೆ. ಗಿಡ್ಡ ಇರುವುದರಿಂದ ಬಾಗಿ ಬೀಳುವುದಿಲ್ಲ, ಕುಡುಗೋಲು ಹಾಕಲು ಸಲೀಸು.

ಪ್ರಗತಿ ಉತ್ತರದ ಬಯಲಿಗೆ, ಹಿಮಾಲಯದ ಬುಡದ ತರಾಯಿ ಪ್ರದೇಶಕ್ಕೆ ಹೊಂದಿಕೊಂಡ ತಳಿ. ಎತ್ತರದ ಹುಲ್ಲು, ಬುಡದ ಹೊದಿಕೆ ಕಡು ನೇರಳೆ. ಎಣ್ಣೆ ಸರಾಸರಿ ಶೇ 0.63, ಸಿಟ್ರಾಲ್ 86. ಕಾಗದದ ಮೇಲೆ ಈ ಜೋಡಿ ನನಗೆ ಬಹಳ ಇಷ್ಟ. ಪ್ರಮಾಣ್ ಪೆಂಡ್ಯುಲಸ್ ಜಾತಿಯಿಂದ ಆರಿಸಿದ್ದು. ಕ್ರೋಮೋಸೋಮು ದುಪ್ಪಟ್ಟಾದ ಗಿಡ, ಕವಲು ವಿಪರೀತ, ಎಲೆ ನೆಟ್ಟಗೆ ನಿಲ್ಲುತ್ತದೆ, ಸಿಟ್ರಾಲ್ 82.

ಸಿಕೆಪಿ-25 ಎರಡು ಜಾತಿಗಳ ಅಡ್ಡ ತಳಿ. ನೀರು ಕೊಟ್ಟರೆ ಹೆಕ್ಟೇರಿಗೆ 60 ಟನ್ ಹುಲ್ಲು ಅನ್ನುತ್ತಾರೆ. ಅಷ್ಟು ಹುಲ್ಲು ಹೊರುವವರು ಯಾರು ಅಂತ ಅದರಲ್ಲಿ ಬರೆದಿಲ್ಲ. ಎಸ್‌ಡಿ-68 ವಿಕಿರಣ ಹಾಯಿಸಿ ಮಾಡಿದ ತಳಿ. ಹೆಕ್ಟೇರಿಗೆ 375 ಕೆಜಿವರೆಗೆ ಎಣ್ಣೆ, ಶೇ 90ರವರೆಗೆ ಸಿಟ್ರಾಲ್ ಅನ್ನುವ ಅಂಕಿ ಎಲ್ಲಾ ಪುಸ್ತಕದಲ್ಲೂ ಬರುತ್ತದೆ. ಅಲ್ಲಿ "ವರೆಗೆ" ಅನ್ನುವ ಪದ ಇದೆ, ಗಮನಿಸಿ. ಪ್ರಯೋಗದ ತಾಕಿನಲ್ಲಿ ಎಲ್ಲಾ ಸರಿ ಇದ್ದಾಗ ಮುಟ್ಟಿದ ತುದಿ ಅದು. ನಾನಂತೂ ಅಂಥ ಅಂಕಿ ಇಟ್ಟುಕೊಂಡು ಸಾಲ ಮಾಡುವುದಿಲ್ಲ.

ಜಿಆರ್‌ಎಲ್-1 ಬಗ್ಗೆ ಮಾತ್ರ ಹುಷಾರಾಗಿರಿ. ಕೆಟ್ಟ ತಳಿ ಅಂತ ಅಲ್ಲ. ನೋಡಲು ಮಜ್ಜಿಗೆ ಹುಲ್ಲೇ, ಆದರೆ ಎಣ್ಣೆಯಲ್ಲಿ ಸಿಟ್ರಾಲ್ ಬದಲು ಜೆರಾನಿಯಾಲ್ ತುಂಬಿದೆ, ಶೇ 80ಕ್ಕೂ ಮೇಲೆ. ನಿಂಬೆಯ ಬದಲು ಗುಲಾಬಿಯ ಕಡೆಗಿನ ವಾಸನೆ. ಕೊಳ್ಳುವವರು ಬೇರೆ, ರೇಟು ಬೇರೆ. ಅದನ್ನು ಸಿಟ್ರಾಲ್ ಎಣ್ಣೆಯ ಡ್ರಮ್ಮಿಗೆ ಸುರಿದರೆ ಎರಡೂ ಕೆಟ್ಟವು.

ಸಿಟ್ರಾಲಿಗೆ ಯಾಕಿಷ್ಟು ಬೆಲೆ

ಎಣ್ಣೆ ತೆಗೆದುಕೊಂಡು ಹೋದರೆ ವ್ಯಾಪಾರಿ ಮೊದಲು ಕೇಳುವುದು ಸಿಟ್ರಾಲ್ ಎಷ್ಟು ಅಂತ. ನಿಂಬೆ ವಾಸನೆ ಕೊಡುವುದೇ ಅದು. ಒಂದೇ ವಸ್ತು ಅಲ್ಲ, ಜೆರಾನಿಯಲ್ ಮತ್ತು ನೆರಲ್ ಅನ್ನುವ ಎರಡು ಅಣ್ಣತಮ್ಮಂದಿರ ಜೋಡಿ. ಸಿಟ್ರಾಲಿನಿಂದ ಅಯೋನೋನ್ ಮಾಡಬಹುದು, ಅದು ನೇರಳೆ ಹೂವಿನ ಸುವಾಸನೆ ಕೊಡುವ ವಸ್ತು. ಅದರಿಂದ ಮುಂದೆ ಹೋಗಿ ವಿಟಮಿನ್ ಎ ಮಾಡಬಹುದು. ಒಂದು ಕಾಲಕ್ಕೆ ಕೊಚ್ಚಿಯ ಎಣ್ಣೆಗೆ ಅಷ್ಟು ಬೇಡಿಕೆ ಇದ್ದದ್ದು ಇದಕ್ಕೇ. ಆಮೇಲೆ ಪೆಟ್ರೋಲಿಯಂ ಮೂಲದಿಂದ ಸಿಟ್ರಾಲ್ ತಯಾರಿಸುವ ದಾರಿ ಕಂಡುಕೊಂಡರು, ಬೇಡಿಕೆ ಇಳಿಯಿತು. ಈಗ ಸೋಪು, ಸೊಳ್ಳೆ ದ್ರಾವಣ, ನೆಲ ಒರೆಸುವ ದ್ರಾವಣ, ಸುಗಂಧದ ಕೆಲಸಕ್ಕೆ ನಮ್ಮ ಎಣ್ಣೆ ಹೋಗುತ್ತದೆ.

(ಮೇಲಿನ ಎರಡು ಹೆಸರಿನಲ್ಲಿ ಒಂದು ಗೊಂದಲ ಇದೆ, ಬಿಡಿಸಿಬಿಡುತ್ತೇನೆ. ಸಿಟ್ರಾಲಿನ ಒಳಗಿರುವುದನ್ನು ಸರಿಯಾಗಿ ಕರೆಯುವುದು ಜೆರಾನಿಯಲ್ ಅಂತ, ದೀರ್ಘ ಇಲ್ಲ. ಜಿಆರ್‌ಎಲ್-1ರಲ್ಲಿ ಇರುವುದು ಜೆರಾನಿಯಾಲ್, ಅದು ಬೇರೆ ವಸ್ತು. ನಾನೂ ಮಾತಾಡುವಾಗ ತಪ್ಪುತ್ತೇನೆ. ನೆರಲ್ ಕೂಡ ಹಾಗೆಯೇ, ನೆರಾಲ್ ಅನ್ನಬಾರದು.)

ಸಾಮಾನ್ಯವಾಗಿ ಸಿಟ್ರಾಲ್ 75ರ ಕೆಳಗೆ ಇಳಿದರೆ ರೇಟು ಕಡಿಯುತ್ತಾರೆ. 80 ದಾಟಿದರೆ ಮಾತು ಬೆಳೆಸದೆ ತೂಗುತ್ತಾರೆ. 82ಕ್ಕೂ 86ಕ್ಕೂ ನಡುವೆ ನಮ್ಮಂಥ ಸಣ್ಣ ಬೆಳೆಗಾರರಿಗೆ ದೊಡ್ಡ ವ್ಯತ್ಯಾಸ ಸಿಕ್ಕಿದ್ದನ್ನು ನಾನು ನೋಡಿಲ್ಲ. ಹಾಗಾಗಿ ತಳಿ ಆರಿಸುವಾಗ ಸಿಟ್ರಾಲನ್ನು ಹೊಸ್ತಿಲಿನ ಹಾಗೆ ನೋಡಿ: ದಾಟಿದರೆ ಸಾಕು, ಎಷ್ಟು ಎತ್ತರ ಹಾರಿತು ಅಂತ ನೋಡಬೇಕಿಲ್ಲ. ಮೇಲೆ ಹೇಳಿದ ತಳಿಗಳಲ್ಲಿ ಜಿಆರ್‌ಎಲ್-1 ಬಿಟ್ಟರೆ ಉಳಿದವೆಲ್ಲ ಈ ಹೊಸ್ತಿಲು ದಾಟುತ್ತವೆ.

ದಾಟಿದ್ದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಎಣ್ಣೆಯಲ್ಲಿ ನೀರಿನ ಹನಿ ಬಿಡಬೇಡಿ. ತುಕ್ಕು ಹಿಡಿದ ಡ್ರಮ್ ಬೇಡ, ಸ್ಟೀಲ್ ಅಥವಾ ಅಲ್ಯೂಮಿನಿಯಂ ಡಬ್ಬಿ ಇರಲಿ. ಗಾಳಿಗೆ ಜಾಗ ಇಲ್ಲದಂತೆ ಕುತ್ತಿಗೆವರೆಗೆ ತುಂಬಿ ಕತ್ತಲಲ್ಲಿಡಿ. ಅರ್ಧ ತುಂಬಿದ ಡಬ್ಬಿ ವರ್ಷವಿಡೀ ಕಿಟಕಿ ಪಕ್ಕ ಇಟ್ಟರೆ ಯಾವ ತಳಿಯೂ ನಿಮ್ಮನ್ನು ಕಾಯುವುದಿಲ್ಲ. ಹಾಗೇ, ಬರೀ ಎಣ್ಣೆಯನ್ನು ಮೈಗೆ ಹಚ್ಚಿಕೊಳ್ಳಬೇಡಿ, ಉರಿ ಬರುತ್ತದೆ.

ಹಾಗಾದರೆ ನಿಮ್ಮ ಜಾಗಕ್ಕೆ?

ಮಲೆನಾಡಿನ ಅಂಚಿನಲ್ಲಿ, ಜಂಬಿಟ್ಟಿಗೆ ಮಣ್ಣಿನ ಇಳಿಜಾರು ಬ್ಯಾಣ ಇದ್ದು ನೀರಿನ ವ್ಯವಸ್ಥೆ ಇಲ್ಲದಿದ್ದರೆ ನಾನು ಯೋಚನೆ ಮಾಡದೆ ಸುಗಂಧಿ ಅನ್ನುತ್ತೇನೆ. ಪರ್ಸೆಂಟು ಕಡಿಮೆ, ಹೊರುವ ಕೆಲಸ ಜಾಸ್ತಿ, ನಿಜ. ಆದರೆ ಅದು ಹುಟ್ಟಿದ್ದೇ ಇಂಥ ಮಣ್ಣಿನಲ್ಲಿ, ಇಂಥ ಮಳೆಯಲ್ಲಿ. ನನ್ನದು ಅದೇ ತಳಿ. ಮೇ ತಿಂಗಳಲ್ಲಿ ಹುಲ್ಲು ಒಣಗಿ ಸತ್ತ ಹಾಗೆ ಕಾಣುತ್ತದೆ, ಮೊದಲ ಮಳೆಗೆ ಹತ್ತೇ ದಿನದಲ್ಲಿ ಹಸಿರು. ದನ ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಹಂದಿ ಮಂಗಗಳ ಕಾಟವೂ ಕಡಿಮೆ. ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದಿದೆ?

ಹನಿ ನೀರಾವರಿ ಇರುವ ಬಯಲುಸೀಮೆಗೆ ಕೃಷ್ಣಾ. ಅಲ್ಲಿ ಮಣ್ಣಿನಲ್ಲಿ ಸುಣ್ಣ ಜಾಸ್ತಿ ಇದ್ದರೆ ಮೊದಲು ಸ್ವಲ್ಪ ಜಾಗದಲ್ಲಿ ಹಾಕಿ ನೋಡಿ. ಸುಣ್ಣದ ಮಣ್ಣಲ್ಲಿ ಕಬ್ಬಿಣದ ಅಂಶ ಗಿಡಕ್ಕೆ ಸಿಗದೆ ಎಳೆ ಎಲೆ ಬಿಳಿಚಿಕೊಳ್ಳುತ್ತದೆ. ಆಗ ತಳಿ ಬದಲಿಸಿ ಪ್ರಯೋಜನವಿಲ್ಲ. ಹೊಳೆ ದಂಡೆಗೆ, ನಾಲೆ ಬದಿಗೆ ಕಾವೇರಿ. ತೇವ ಇರಬೇಕು ಅಂದರೆ ನೀರು ನಿಲ್ಲಬೇಕು ಅಂತ ಅಲ್ಲ. ನಿಂತ ನೀರಲ್ಲಿ ಯಾವ ಮಜ್ಜಿಗೆ ಹುಲ್ಲೂ ಬದುಕುವುದಿಲ್ಲ. ಉತ್ತರದ ತಳಿಗಳನ್ನು ಇಲ್ಲಿ ನೇರ ಎಕರೆಗಟ್ಟಲೆ ಹಾಕುವುದಕ್ಕೆ ನನಗೆ ಧೈರ್ಯ ಇಲ್ಲ. ಪ್ರಗತಿಯ ಇಪ್ಪತ್ತು ಕಂದು ಸಿಕ್ಕರೆ ಮಾತ್ರ ಬದಿಯಲ್ಲಿ ನೆಟ್ಟು ನೋಡುವ ಆಸೆ.

ಅಡಿಕೆ ತೋಟದ ನೆರಳಲ್ಲಿ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹುಲ್ಲು ಬರುತ್ತದೆ, ಉದ್ದವಾಗಿ ಮೆತ್ತಗೆ ಬೆಳೆಯುತ್ತದೆ. ಎಣ್ಣೆ ಬರುವುದಿಲ್ಲ. ಇದು ಪೂರಾ ಬಿಸಿಲಿನ ಗಿಡ.

ನಿಮ್ಮ ಜಾಗದಲ್ಲೇ ಹೋಲಿಸಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು, ಕಷ್ಟವೂ ಇಲ್ಲ. ಎರಡು ಮೂರು ತಳಿಯ ಐವತ್ತೈವತ್ತು ಕಂದು ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ನೆಡಿ. ಮೊದಲ ಕೊಯ್ಲು ನಾಲ್ಕೈದು ತಿಂಗಳಿಗೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಒಂದೇ ದಿನ, ನೆಲದಿಂದ ಗೇಣು ಬಿಟ್ಟು ಕೊಯ್ಯಿರಿ. ಹಸಿಯಲ್ಲೇ ತೂಗಿ ಬರೆದಿಡಿ. ಸಣ್ಣ ಹಂಡೆಯಲ್ಲಿ ಬೇರೆ ಬೇರೆ ಬಟ್ಟಿ ಇಳಿಸಿ, ಎಣ್ಣೆಯನ್ನು ಗ್ರಾಂನಲ್ಲಿ ತೂಗಿ. ವರ್ಷದ ಎಲ್ಲಾ ಕೊಯ್ಲಿನ ಎಣ್ಣೆ ಕೂಡಿಸಿ ಐವತ್ತರಿಂದ ಭಾಗಿಸಿ. ಒಂದು ಬುಡ ವರ್ಷಕ್ಕೆ ಎಷ್ಟು ಗ್ರಾಂ ಕೊಟ್ಟಿತು ಅಂತ ಸಿಕ್ಕಿತು. ಎರಡಡಿ ಎರಡಡಿ ಅಂತರದಲ್ಲಿ ಎಕರೆಗೆ ಹನ್ನೊಂದು ಸಾವಿರ ಬುಡದ ಹತ್ತಿರ ಬರುತ್ತದೆ, ಗುಣಿಸಿಕೊಳ್ಳಿ. ಇದರಲ್ಲಿ ಪರ್ಸೆಂಟು ಎಲ್ಲೂ ಬರಲಿಲ್ಲ, ನೋಡಿ.

ಕಂದು ತರುವಾಗ

ಬೀಜಕ್ಕಿಂತ ಕಂದು ಒಳ್ಳೆಯದು. ಈ ಹುಲ್ಲಿನಲ್ಲಿ ಪರಾಗ ಬೆರಕೆಯಾಗುತ್ತದೆ, ಬೀಜದ ಸಸಿಗಳು ಒಂದೊಂದು ಒಂದೊಂದು ತರ ಬರುತ್ತವೆ. ತಾಯಿಯ ಅಂಕಿ ಮಕ್ಕಳಿಗೆ ಸಿಗುವ ಖಾತ್ರಿ ಇಲ್ಲ. ಕಂದಾದರೆ ತಾಯಿಯದೇ ತುಂಡು.

ಆದರೆ ಕಂದಿನಲ್ಲೂ ನನಗೆ ಪೆಟ್ಟು ಬಿದ್ದಿದೆ. ಎರಡನೇ ವರ್ಷ ಜಾಗ ಹೆಚ್ಚಿಸೋಣ ಅಂತ ಒಬ್ಬರ ಹತ್ತಿರ ಮೂರು ಸಾವಿರ ಕಂದು ತಂದೆ. ಎಲೆ ಕತ್ತರಿಸಿ, ಬುಡ ಮಣ್ಣು ಮೆತ್ತಿ, ಗೋಣಿಯಲ್ಲಿ ಬಿಗಿದು ಕೊಟ್ಟಿದ್ದರು. ಮಳೆ ಬರುತ್ತಿತ್ತು, ಅವಸರ, ಬಿಚ್ಚಿ ನೋಡಲಿಲ್ಲ. ನೆಟ್ಟು ಐದು ತಿಂಗಳಿಗೆ ನೋಡಿದರೆ ಮೂರರಲ್ಲಿ ಒಂದು ಪಾಲಿನ ಬುಡ ಬಿಳಿ. ನಡುನಡುವೆ ಸಿಟ್ರೊನೆಲ್ಲಾ ಕೂಡ! ಅದರ ಎಲೆ ಅಗಲ, ಜೋತು ಬೀಳುತ್ತದೆ, ಹಿಚುಕಿದರೆ ನಿಂಬೆ ಸಿಪ್ಪೆಯ ವಾಸನೆ ಅಲ್ಲ, ಸೊಳ್ಳೆ ಎಣ್ಣೆಯ ವಾಸನೆ. ಆ ಸಲದ ಎಣ್ಣೆಯ ಸಿಟ್ರಾಲ್ ಎಪ್ಪತ್ತರ ಆಸುಪಾಸಿಗೆ ಬಿತ್ತು. ವ್ಯಾಪಾರಿ ಏನೂ ಅನ್ನಲಿಲ್ಲ, ಬರೀ ಮೂಸಿ ನಕ್ಕರು. ಫೋನ್ ಮಾಡಿದರೆ ಕಂದು ಕೊಟ್ಟವರು "ನಿಮ್ಮ ಮಣ್ಣಿಗೆ ಹಂಗಾಗಿರಬೇಕು" ಅಂದರು.

ಅದಕ್ಕೇ ಈಗ ನಾನೇ ಹೋಗಿ, ನಿಂತ ಬೆಳೆಯಲ್ಲಿ ಬುಡ ಬಗ್ಗಿಸಿ ನೋಡಿ, ಹತ್ತು ಕಡೆ ಎಲೆ ಹಿಚುಕಿ ಮೂಸಿ, ನನ್ನ ಎದುರೇ ಕೀಳಿಸುತ್ತೇನೆ. ಕಂದು ತಂದ ದಿನವೇ ನೆಡಬೇಕು ಅಂತಿಲ್ಲ, ನೆರಳಲ್ಲಿ ತೇವ ಗೋಣಿ ಹೊದಿಸಿದರೆ ಎರಡು ಮೂರು ದಿನ ತಡೆಯುತ್ತದೆ. ನೆಡಲು ಜೂನ್ ಮಳೆ ಹಿಡಿದ ಮೇಲೆ ಒಳ್ಳೆಯ ಕಾಲ. ನವೆಂಬರಿನಿಂದ ಹೂಕಡ್ಡಿ ಬರುತ್ತದೆ, ಕಂಡ ಕಂಡಲ್ಲಿ ಕತ್ತರಿಸಿ. ಬೆಳೆ ಐದಾರು ವರ್ಷ ನಿಲ್ಲುತ್ತದೆ, ಮೊದಲ ಮೂರು ನಾಲ್ಕು ವರ್ಷದ ಎಣ್ಣೆಯೇ ಎಣ್ಣೆ.

ನನ್ನ ಬಿಳಿ ಬುಡದ ಸಾಲುಗಳನ್ನು ಈ ಮಳೆಗಾಲಕ್ಕೆ ಮೊದಲು ಕೀಳಬೇಕು. ಕಿತ್ತದ್ದನ್ನು ಬ್ಯಾಣದ ಬದುವಿಗೆ ಹಾಕುವ ಅಂತ ಇದ್ದೇನೆ, ಮಣ್ಣು ಕೊಚ್ಚಿ ಹೋಗುವುದನ್ನಾದರೂ ತಡೆಯಲಿ.